ಎರಡು ಸಲ ಒತ್ತುವ ಗುಂಡಿ

ಎಂಬತ್ತರ ದಶಕದ ಕೊನೆಯಲ್ಲಿ ಗಂಗಾವತಿಯ ಒಂದು ಬೀಜದ ಅಂಗಡಿಗೆ ಕಂಪ್ಯೂಟರ್ ಬಂತು. ಭತ್ತದ ಬೀಜದ ಚೀಲಗಳ ಬಾಯಿಗೆ ಹೊಲಿಯುವ ಚೀಟಿಗಳನ್ನು ಅಚ್ಚು ಮಾಡಲು ಪ್ರೋಗ್ರಾಂ ಬರೆದುಕೊಟ್ಟವನು ನಾನು. ಆಗ ನನಗೆ ಸೊಕ್ಕು ಸ್ವಲ್ಪ ಜಾಸ್ತಿಯೇ ಇತ್ತು. ಊರಿನಲ್ಲಿ ಆ ವಿದ್ಯೆ ಬಲ್ಲವರೇ ನಾಲ್ಕೈದು ಜನ, ಅವರಲ್ಲಿ ನಾನೇ ಮೇಲು ಎಂದು ನಂಬಿದ್ದೆ.

ಪ್ರೋಗ್ರಾಂನಲ್ಲಿ ಎರಡು ಗುಂಡಿ ಇಟ್ಟಿದ್ದೆ. ಒಂದನ್ನು ಒತ್ತಿದರೆ ಚೀಟಿ ಪರದೆಯ ಮೇಲೆ ಕಾಣುತ್ತಿತ್ತು, ಇನ್ನೊಂದನ್ನು ಒತ್ತಿದರೆ ಇನ್ನೂರು ಚೀಟಿ ಅಚ್ಚಾಗುತ್ತಿದ್ದವು. ಅದನ್ನು ನಡೆಸಬೇಕಾದವರು ಅಲ್ಲಿ ಹದಿನೈದು ವರ್ಷದಿಂದ ಟೈಪ್‌ರೈಟರ್ ಬಡಿಯುತ್ತಿದ್ದ ಹೆಂಗಸು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನೋಡುವ ಗುಂಡಿಯನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. ನೇರ ಅಚ್ಚಿನ ಗುಂಡಿ ಒತ್ತುವರು, ಮೊದಲ ಚೀಟಿ ಓದುವರು, ತಪ್ಪು ಕಂಡು ಹೌಹಾರುವರು. ಅಷ್ಟರಲ್ಲಿ ಪ್ರಿಂಟರ್ ಗರಗರ ಅನ್ನುತ್ತ ಮಾರುದ್ದ ಕಾಗದ ಕಕ್ಕಿರುತ್ತಿತ್ತು.

ಮೂರನೇ ಸಲ ಹಾಗಾದಾಗ ಅಂಗಡಿಯ ಸಾವುಕಾರರು ನನ್ನೆದುರೇ ಅಂದರು: “ಅಕ್ಕಾರ, ಸೋಮವಾರದ ತನಕ ನೋಡ್ತೀನ್ರಿ. ಆಗಲಿಲ್ಲಂದ್ರ ಇದನ್ನ ಕಲಿತವ್ರನ್ನ ತಂದು ಕುಂದ್ರಸಬೇಕಾಗ್ತೈತಿ.”

ಸಂಜೆ ಅಕ್ಕಾರು ಟೈಪ್‌ರೈಟರಿಗೆ ತಾವೇ ಹೊಲಿದ ಹೂವಿನ ಬಟ್ಟೆಯ ಗವಸು ಹೊದಿಸಿ ಹೋದರು. ಕಂಪ್ಯೂಟರ್ ಬರಿಮೈಯಲ್ಲಿ ಧೂಳು ತಿನ್ನುತ್ತಿತ್ತು.

ಮರುದಿನ ನಾನು ರೇಗಿದೆ. “ಮೊದಲ ನೋಡೂ ಬಟನ್ ಒತ್ರಿ ಅಂತ ಎಷ್ಟ ಸಲ ಹೇಳೂದ್ರಿ?”

“ನೋಡಾಕ ಒಂದು, ಹೊಡ್ಯಾಕ ಒಂದು ಅಂದ್ರ ಕೈ ಮರೀತೈತ್ರಿ. ಬರ್ರಿ ಇಲ್ಲೆ, ನನ್ನ ಮಿಷಿನ್ ನೋಡ್ರಿ.”

ಅವರು ಒಂದು ವಿಳಾಸ ಟೈಪ್ ಮಾಡಿದರು. ಹಾಳೆ ತೆಗೆಯದೆ ರೋಲರ್ ಎರಡು ಸುತ್ತು ತಿರುಗಿಸಿ, ಮೇಲೆದ್ದ ಸಾಲುಗಳನ್ನು ಓದಿದರು. ಮತ್ತೆ ಹಿಂದೆ ತಿರುಗಿಸಿ ಒಂದು ಅಕ್ಷರ ತಿದ್ದಿ, ಆಮೇಲೆ ಅದೇ ರೋಲರ್ ತಿರುಗಿಸಿ ಹಾಳೆ ಹೊರಗೆ ತೆಗೆದರು.

“ನೋಡೂದೂ ಇದರಾಗ, ತೆಗಿಯೂದೂ ಇದರಾಗ. ನೋಡದ ಹೆಂಗ ತೆಗೀಲಿ?”

ನನಗೆ ನಾಚಿಕೆಯಾಯಿತು. ಹದಿನೈದು ವರ್ಷದಲ್ಲಿ ಒಂದು ಹಾಳೆಯನ್ನೂ ನೋಡದೆ ಹೊರಗೆ ಕಳಿಸದವರ ಕೈ ತಪ್ಪಿಸಿದ್ದು ನನ್ನ ಎರಡು ಗುಂಡಿಗಳು.

ಭಾನುವಾರ ಕೂತು ಒಂದೇ ಗುಂಡಿ ಮಾಡಿದೆ. ಮೊದಲ ಸಲ ಒತ್ತಿದರೆ ಚೀಟಿ ಕಾಣಬೇಕು, ಎರಡನೇ ಸಲಕ್ಕೆ ಅಚ್ಚಾಗಬೇಕು. ನಡುವೆ ಒಂದಕ್ಷರ ತಿದ್ದಿದರೂ ಮತ್ತೆ ಕಾಣಿಸಿಯೇ ಮುಂದೆ ಹೋಗಬೇಕು. ಅಕ್ಕಾರ ಬೆರಳು ಮಹಾ ಚುರುಕು, ಆದ್ದರಿಂದ ಚೀಟಿ ಕಂಡ ಮೇಲೆ ಐದು ಸೆಕೆಂಡು ಗುಂಡಿ ಕಿವುಡಾಗುವಂತೆ ಮಾಡಿದೆ.

ಸೋಮವಾರ ಸಾವುಕಾರರು ಹಿಂದೆಯೇ ನಿಂತರು. ಅಕ್ಕಾರು ಒಮ್ಮೆ ಒತ್ತಿದರು. ಚೀಟಿ ಮೂಡಿತು. ಅವರ ಕೈ ಗಾಳಿಯಲ್ಲಿ ರೋಲರ್ ಹುಡುಕಿ ಕೆಳಗಿಳಿಯಿತು.

“ತಡೀರಿ ಸಾವುಕಾರ್ರ, ಇದು ಹೋದ ವರ್ಷದ ತಳಿ ಹೆಸರು. ನೀವು ಬರದು ಕೊಟ್ಟಿದ್ದ ತಪ್ಪೈತ್ರಿ.”

ಸಾವುಕಾರರು ಕನ್ನಡಕ ಹಾಕಿಕೊಂಡು ನೋಡಿದರು. “ಹೌದ್ರಿ, ನಂದ ತಪ್ಪು” ಎಂದರು. ಬೇರೆಯವರನ್ನು ಕೂಡಿಸುವ ಮಾತು ಅಲ್ಲಿಗೆ ಮುಗಿಯಿತು. ಅಕ್ಕಾರು ತಿದ್ದಿ ಒತ್ತಿದರು, ಓದಿದರು, ಮತ್ತೆ ಒತ್ತಿದರು. ಇನ್ನೂರು ಚೀಟಿಯಲ್ಲಿ ಒಂದೂ ಕೆಡಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಸಂಜೆ ಅವರು ಚೀಲ ಹೊಲಿಯುವ ದಾರ ತಂದು ಕಂಪ್ಯೂಟರಿನ ಅಗಲ, ಎತ್ತರ ಅಳೆದು ಗಂಟು ಹಾಕಿಕೊಂಡರು.

“ಇದಕ್ಕೂ ಒಂದು ಗವಸು ಹೊಲೀತೀನ್ರಿ” ಎಂದರು.