ಖಾರ ಇಳಿದಷ್ಟು ರೊಕ್ಕ

ಈಚೆಗೆ ಬ್ಯಾಡಗಿ ಬಸ್ಸಿನಲ್ಲಿ ನಾನು ಕೊಟ್ಟ ನೋಟು ಹಿಡಿದ ಕಂಡಕ್ಟರು ಜೋರಾಗಿ ಸೀನಿದರು. ‘ನೂರು ವರ್ಷ ಬಾಳ್ರಿ’ ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ಅವರು ಮೂಗು ಒರೆಸಿಕೊಳ್ಳುತ್ತ, ‘ಇದೇನ್ರೀ ಯಜಮಾನ್ರ, ನೋಟಿಗೆ ಒಗ್ಗರಣಿ ಹಾಕೀರೇನು?’ ಎಂದರು. ಹಿಂದಿನ ಸೀಟಿನವರು ನಕ್ಕರು, ನಾನೂ ನಕ್ಕೆ. ಆ ನೋಟು ನಮ್ಮ ಖಾರದ ಪುಡಿಯ ಭರಣಿಯದು. ಅಲ್ಲಿ ರೊಕ್ಕ ಇಡುವ ಪದ್ಧತಿ ನನ್ನ ಹೆಂಡತಿ ಶಾರದಾಳದು. ಅವಳು ತೀರಿಕೊಂಡು ವರ್ಷವಾಗುತ್ತ ಬಂತು.

ರಾಣೆಬೆನ್ನೂರಿನ ನಮ್ಮ ಸಣ್ಣ ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಬೀಜದ ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರುತ್ತಿದ್ದೆವು. ಮಾಳಿಗೆಯ ಮೇಲೆ ಒಣಗಿಸಿ, ತುಂಬು ಎಂದರೆ ತೊಟ್ಟು ಮುರಿದು, ಓಣಿಯ ಗಿರಣಿಯಲ್ಲಿ ಕುಟ್ಟಿಸಿ ಚೀನಿ ಭರಣಿಗೆ ತುಂಬಿದರೆ ಕೆಲಸ ಮುಗಿಯಿತು ಎಂದು ನಾನು ತಿಳಿದಿದ್ದೆ. ಶಾರದಾಳಿಗೆ ಅಲ್ಲಿಂದಲೇ ಶುರು. ಪಗಾರದ ದಿನ ಅವಳು ಭರಣಿಯಿಂದ ತಿಂಗಳ ಖಾರ ತೆಗೆದು ಅಡುಗೆಮನೆಯ ಡಬ್ಬಿಗೆ ಹಾಕಿಕೊಂಡು, ಭರಣಿಯಲ್ಲಿ ಖಾರ ಇಳಿದ ಜಾಗದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ನೋಟು ಇಡುತ್ತಿದ್ದಳು. ‘ಖಾರ ಇಳಿದಷ್ಟು ರೊಕ್ಕ ಏರಬೇಕ್ರಿ’ ಎನ್ನುವಳು. ಖಾರ ತಳ ಕಾಣುವ ಹೊತ್ತಿಗೆ ಮುಂದಿನ ವರ್ಷದ ಮೆಣಸಿನಕಾಯಿಯ ರೊಕ್ಕ ಅದರೊಳಗೇ ಇರುತ್ತಿತ್ತು. ಚೀಲ ಎಷ್ಟು ಬಿಗಿದರೂ ಘಾಟು ಮಾತ್ರ ನೋಟನ್ನು ಬಿಡುತ್ತಿರಲಿಲ್ಲ.

ಇದು ಖಾರಕ್ಕೆ ಮಾತ್ರ ಅಂದುಕೊಳ್ಳಬೇಡಿ. ಹೊಸ ಚಪ್ಪಲಿ ತಂದ ದಿನವೇ ಮುಂದಿನ ಚಪ್ಪಲಿಗೆಂದು ಹತ್ತು ರೂಪಾಯಿ ಎತ್ತಿಡುವಳು.

‘ಇನ್ನೂ ಕಾಲಿಗೆ ಹಾಕಿಲ್ಲ, ಆಗಲೇ ಅದರ ತಿಥಿಗೆ ರೊಕ್ಕ ಕೂಡಸ್ತಿ ಏನ?’ ಎಂದು ನಾನು ಕಾಡಿದರೆ, ‘ತಿಥಿಗೆ ಅಲ್ರಿ, ಮುಂದ ಹುಟ್ಟೋ ಕೂಸಿಗೆ’ ಎನ್ನುವಳು.

ತಿಂಗಳ ಕೊನೆಗೆ ಗೋದಾಮಿನಲ್ಲಿ ಒಬ್ಬರಿಗೊಬ್ಬರು ಕೈಗಡ ಕೇಳುವಾಗ ನಾನು ಸುಮ್ಮನೆ ಚಹಾ ಕುಡಿಯುತ್ತಿದ್ದೆ. ನನ್ನನ್ನು ಹಿಡಿತದ ಮನುಷ್ಯ ಎನ್ನುತ್ತಿದ್ದರು. ಹೌದೆಂಬಂತೆ ನಾನೂ ಮುಖ ಮಾಡುತ್ತಿದ್ದೆ. ಮಂಡಕ್ಕಿ ಗಿರ್ಮಿಟ್ ಗಾಡಿ ದಾಟಿ ಸೀದಾ ಮನೆಗೆ ಹೋಗಲು ಬಾರದ ನಾನು! ಶಾರದಾಳಿಗೆ ಅದೂ ಗೊತ್ತಿತ್ತು. ‘ಗಿರ್ಮಿಟ್‌ಗೂ ಒಂದು ಪಾಲು ತೆಗದಿಟ್ಟೇನಿ, ಕಳ್ಳರಂಗ ತಿನ್ನಬ್ಯಾಡ್ರಿ’ ಎಂದಿದ್ದಳು.

ಹೋದ ವರ್ಷ ಖಾರ ಕುಟ್ಟಿಸಿ ತಂದ ದಿನವೂ ಎಲ್ಲ ವರ್ಷಗಳ ಹಾಗೇ ಇತ್ತು. ಭರಣಿ ತುಂಬಿ, ಮೇಲೆ ಮೊದಲ ನೋಟು ಇಟ್ಟು, ‘ಇನ್ನ ವರ್ಷತನಕ ನಿಶ್ಚಿಂತಿ’ ಎಂದಳು. ನನಗೆ ಸೀನು ಬಂತು.

‘ನೂರು ವರ್ಷ ಬಾಳ್ರಿ.’

‘ಅಷ್ಟು ವರ್ಷ ಇದ್ದು ಏನ್ ಮಾಡ್ಲಿ?’

‘ಖಾರ ಕುಟ್ಟಸ್ರಿ.’

ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ. ಎದೆಬಡಿತ ನಿಂತಿದೆ ಎಂದರು ಡಾಕ್ಟರು.

ಆಮೇಲಿನ ಪಗಾರದ ದಿನ ಏನು ಮಾಡಬೇಕೆಂದು ತಿಳಿಯದೆ ಅವಳು ಮಾಡುತ್ತಿದ್ದುದನ್ನೇ ಮಾಡಿದೆ. ಮುಂದೆಯೂ ಹಾಗೆಯೇ ನಡೆಯಿತು. ಆದರೆ ಇಬ್ಬರಿಗೆಂದು ಕುಟ್ಟಿಸಿದ ಖಾರವನ್ನು ಒಬ್ಬನೇ ಎಷ್ಟು ತಿನ್ನಲಿ? ರೊಕ್ಕ ಪೂರ್ತಿ ಏರಿತು, ಖಾರ ಅರ್ಧವೇ ಇಳಿಯಿತು. ಸುಗ್ಗಿ ಬಂದರೂ ಭರಣಿಯಲ್ಲಿ ಅವಳ ಕೈಯ ಖಾರ ಅರ್ಧ ಉಳಿದಿತ್ತು. ಹೊಸದು ಸುರಿದರೆ ಅವಳದು ಅದರಲ್ಲಿ ಕಳೆದುಹೋಗುತ್ತದೆ, ಸುರಿಯದಿದ್ದರೆ ಒಂದು ದಿನ ಮುಗಿದುಹೋಗುತ್ತದೆ. ಇದೊಂದು ನನಗೆ ಬಗೆಹರಿಯಲಿಲ್ಲ.

ಗಿರಣಿ ನಡೆಸುವ ಮೆಹಬೂಬಿಯ ಹತ್ತಿರ ಹೇಳಿಕೊಂಡೆ. ಶಾರದಾಳದೂ ಅವಳದೂ ಹಳೆಯ ಸ್ನೇಹ.

‘ಅಣ್ಣಾರ, ಅಕ್ಕಾರು ಎಂದಾದ್ರೂ ಭರಣಿ ತೊಳದಿದ್ದು ನೋಡೀರೇನು?’ ಎಂದಳು.

ನೋಡಿರಲಿಲ್ಲ.

‘ಹಳೇದು ಒಂದು ಹಿಡಿ ಬಿಟ್ಟು, ಅದರ ಮ್ಯಾಲೇ ಹೊಸಾದು ಹಾಕಿ ಕಲಸ್ತಿದ್ರು. ಭರಣಿ ಬರಿದು ಆಗಬಾರದು ಅಂತ. ನಿಮ್ಮ ಲಗ್ನದ ವರ್ಷದ ಖಾರ ಸೈತ ಅದರಾಗ ಒಂದು ಚಿಟಿಕಿ ಇರತೈತಿ, ಹೋಗ್ರಿ.’

ಅದಕ್ಕೇ ನಾನು ಬ್ಯಾಡಗಿ ಬಸ್ಸು ಹತ್ತಿದ್ದು. ‘ಪ್ರತಿ ವರ್ಷದ ಹಂಗ ಕೊಡ್ಲೇನ್ರಿ?’ ಎಂದು ಅಂಗಡಿಯವರು ಕೇಳಿದಾಗ ಹ್ಞೂಂ ಎಂದುಬಿಟ್ಟೆ. ಕಾಯಿ ತಕ್ಕಡಿ ಏರಿದ ಮೇಲೆ, ‘ಅರ್ಧ ಸಾಕ್ರಿ’ ಎಂದೆ. ಅವರು ನನ್ನ ಮುಖ ನೋಡಿ ಅರ್ಧ ತೆಗೆದರು.

ತುಂಬು ಒಬ್ಬನೇ ಮುರಿದೆ. ಬೆರಳ ಉರಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬೇಕೆಂಬುದು ನೆನಪಾದದ್ದು ಕಣ್ಣು ಉಜ್ಜಿಕೊಂಡ ಮೇಲೆ. ಇವತ್ತು ಮೆಹಬೂಬಿ ಕುಟ್ಟಿ ಕೊಟ್ಟಳು. ಹಳೆಯದರ ಮೇಲೆ ಹೊಸದು ಸುರಿದು, ಕಲಸಿ, ಮಿಕ್ಕ ರೊಕ್ಕ ಚೀಲದಲ್ಲಿ ಕಟ್ಟಿ ಮೇಲಿಟ್ಟೆ. ಭರಣಿ ತುಂಬಿದೆ, ಯಾರ ಸಾಲವೂ ಇಲ್ಲ. ಮುಚ್ಚಳ ಹಾಕುವಾಗ ಘಾಟಿಗೆ ಸೀನು ಬಂತು.

ನೂರು ವರ್ಷ ಬಾಳ್ರಿ ಎನ್ನುವವರು ಮನೆಯಲ್ಲಿಲ್ಲ.