ದೊಡ್ಡವ್ವನ ಕೈಗೆ ಕೊಡದ ಗಂಟು

ಹೋದ ವಾರ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸಲ್ಲಿನ ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗಿನ ಹಳೆಯ ಸಿಟ್ಟು ಎದ್ದು ಕೂತಿತು. ಮಸ್ಕಿಯ ನಮ್ಮ ಓಣಿ, ಎದುರುಮನೆಯ ದೊಡ್ಡವ್ವ...

ನಿಜಾಮರ ಕಾಲ. ಸುಗ್ಗಿಯಲ್ಲಿ ಓಣಿಗೆ ಓಣಿಯೇ ಬೀಗ ಜಡಿದು ಹೊಲಕ್ಕೆ ಹೋಗುತ್ತಿತ್ತು. ಕಾಲು ಸೊಟ್ಟಗಾಗಿದ್ದ ದೊಡ್ಡವ್ವ ಒಬ್ಬಳೇ ಮನೆಯಲ್ಲಿರುತ್ತಿದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಟಪಾಲಿನವನು ಯಾರ ಮನೆಯ ಗಂಟು ತಂದರೂ ಆಕೆಯ ಕೈಗೆ ಕೊಟ್ಟು ಹೋಗುತ್ತಿದ್ದ. ಆಕೆ ಅದನ್ನು ಇಲಿ ಮುಟ್ಟದಂತೆ ನೆಲುವಿನ ಮೇಲಿಟ್ಟು, ಸಂಜೆ ಕುಂಟುತ್ತಲೇ ಬಂದು ಮುಟ್ಟಿಸುತ್ತಿದ್ದಳು. ಒಳಗೇನಿದೆ ಎಂದು ಒಮ್ಮೆಯೂ ಕೇಳಿದವಳಲ್ಲ.

ನನ್ನ ಮದುವೆ ಗೊತ್ತಾದಾಗ ರಾಯಚೂರಿನ ಸೋದರಮಾವ ಧಾರೆ ಸೀರೆಯ ಗಂಟಿಗೆ ಅರಗಿನ ಮುದ್ರೆ ಒತ್ತಿಸಿ ಟಪಾಲಿನಲ್ಲಿ ಕಳಿಸಿದ್ದ. ಅದು ನಮ್ಮ ಕೈ ಸೇರಲೇ ಇಲ್ಲ. ಹೊಸದಾಗಿ ಬಂದಿದ್ದ ಟಪಾಲಿನವನನ್ನು ಅಪ್ಪ ತಡೆದು ಗದರಿಸಿ ಕೇಳಿದ. ಅವನು ತಡವರಿಸಿ, "ಎದರ್ ಮನಿ ಮುದುಕಿ ಕೈಯಾಗ ಕೊಟ್ಟೀನ್ರೀ" ಅಂದ.

"ನನ್ ಕೈಯಾಗ ಯಾರೂ ಏನೂ ಕೊಟ್ಟಿಲ್ಲಪಾ," ಅಂದಳು ದೊಡ್ಡವ್ವ. "ಕೊಟ್ಟಿದ್ರ ನಿನ್ನ ಮಗಳ ಸೀರಿ ನಾ ಇಟ್ಕೊಂತಿದ್ನೇನು?"

ಅಪ್ಪ ಕೇಳಲಿಲ್ಲ. ಪೊಲೀಸ್ ಪಾಟೀಲನ ಆಳುಗಳನ್ನು ಕರೆಸಿದ. ಅವರು ಆಕೆಯ ಜೋಳದ ಗಡಿಗೆಗಳನ್ನು ಅಂಗಳದಲ್ಲಿ ಬೋರಲು ಹಾಕಿದರು, ಕೌದಿಯ ಹೊಲಿಗೆ ಬಿಚ್ಚಿದರು. ಓಣಿಯವರು ನೋಡುತ್ತ ನಿಂತರು... ಆಕೆ ಕಾಯ್ದಿಟ್ಟು ಕೊಟ್ಟದ್ದನ್ನು ಪಡೆದವರೇ ಎಲ್ಲರೂ! "ದೊಡ್ಡವ್ವ ಅಂಥಾಕಿ ಅಲ್ಲ, ಅಂವ ಸುಳ್ಳ ಹೇಳಾಕತ್ತಾನ" ಎಂದು ನಾನು ಕೂಗಿದೆ. "ಮದುವಿ ಹುಡುಗಿ, ಬಾಯಿ ಮುಚ್ಚು" ಎಂದು ಅಜ್ಜಿ ನನ್ನನ್ನು ಒಳಗೆ ನೂಕಿದಳು.

ಕೆಲವು ದಿನಗಳ ಮೇಲೆ ಅವ್ವ ದನಕ್ಕೆ ಮೇವು ಹಿರಿಯಲು ಹೋದಾಗ ಹಿತ್ತಲ ಬಣವೆಯೊಳಗಿಂದ ಗಂಟು ಜಾರಿ ಬಿತ್ತು. ಅರಗು ಒಡೆದಿರಲಿಲ್ಲ. ಆಗ ಟಪಾಲಿನವನು ಬಾಯಿ ಬಿಟ್ಟ: "ಬಾಗ್ಲಾ ಹಾಕಿತ್ರೀ. ಯಾರೂ ಒಯ್ಯಬಾರ್ದಂತ ಅಲ್ಲಿ ತುರುಕಿದ್ದೆ. ಹೇಳೂದು ಮರ್ತೆ... ನೀವು ಸಿಟ್ಟೀಲೆ ಕೇಳಿದ್ರಿ, ಅಂಜಿ ಹಂಗಂದೆ."

ಅಪ್ಪ ಅವನನ್ನು ಬೈದು ಕಳಿಸಿದ. ದೊಡ್ಡವ್ವನ ಹೊಸ್ತಿಲಿಗೆ ಮಾತ್ರ ಹೋಗಲಿಲ್ಲ. "ಸೀರಿ ಸಿಕ್ಕತಲ್ಲ, ಬಿಡು ಇನ್ನ" ಅಂದಳು ಅಜ್ಜಿ.

ನಾನು ಬಿಡಲಿಲ್ಲ. ಸೀರೆಯನ್ನು ಅಪ್ಪನ ಕಾಲ ಬಳಿ ಒಗೆದೆ. "ನೀ ಹೋಗಿ ಆಕಿ ಮುಂದ ತಪ್ಪಾತು ಅನ್ನೋತನಕ ನಾ ಇದನ್ನ ಉಡಂಗಿಲ್ಲ."

ಅಪ್ಪ ಹೋಗಲಿಲ್ಲ. ಅವ್ವನ ಹಳೆಯ ಇಳಕಲ್ ಸೀರೆಯಲ್ಲೇ ನನ್ನ ಧಾರೆಯಾಯಿತು. ಅಷ್ಟರೊಳಗೆ ದೊಡ್ಡವ್ವ ಓಣಿ ಬಿಟ್ಟು ಸಂತೆಕಲ್ಲೂರಿನ ತಮ್ಮನ ಮನೆ ಸೇರಿದ್ದಳು.

ಸಿಂಧನೂರಿನ ಗಂಡನ ಮನೆಯಿಂದ ಮೊದಲ ಸಲ ತವರಿಗೆ ಬಂದಾಗ ಬಂಡಿ ಕಟ್ಟಿಸಿಕೊಂಡು ಅಲ್ಲಿಗೆ ಹೋದೆ. ಆಕೆ ತೀರಿಕೊಂಡು ತಿಂಗಳಾಗಿತ್ತು. ಆಕೆಯ ತಮ್ಮ ಬಾಗಿಲಲ್ಲೇ ನಿಂತು, "ಮಸ್ಕ್ಯಾವ್ರಾ? ಈಗ ಯಾಕ ಬಂದ್ರಿ?" ಅಂದ.

ಈಗ ಅಪ್ಪ, ಅಜ್ಜಿ, ಆ ಟಪಾಲಿನವ, ನೋಡುತ್ತ ನಿಂತ ಓಣಿಯವರು, ಎಲ್ಲರೂ ಮಣ್ಣು ಸೇರಿದ್ದಾರೆ. ಜಗಳ ತೆಗೆಯೋಣವೆಂದರೆ ಒಬ್ಬರೂ ಉಳಿದಿಲ್ಲ. ತಪ್ಪಾಯಿತು ಎಂದು ಯಾರಿಂದಲಾದರೂ ಹೇಳಿಸೋಣವೆಂದರೆ, ಕೇಳಲು ಆಕೆಯೂ ಇಲ್ಲ.