ದಿಕ್ಕಿಗೆ ನಿಲ್ಲದ ಅಣುಗಳು

ಆ ದಿನ ಬೆಳಿಗ್ಗೆಯೂ ಹಾಲು ಕಾಸಿ, ಪೇಪರ್ ಮಿಲ್ಲಿನ ಫಸ್ಟ್ ಶಿಫ್ಟಿಗೆ ಹೊರಟ ಮನೆಯವರ ಡಬ್ಬಿಗೆ ರೊಟ್ಟಿ ಮಡಚಿ ಇಡುತ್ತಿದ್ದೆ. ಧಾರವಾಡದಲ್ಲಿ ಪಿಎಚ್.ಡಿ. ಮಾಡುವ ಮಗಳು ಪಂಚಮಿಗೆಂದು ಅಂಬೇವಾಡಿಯ ನಮ್ಮ ಮನೆಗೆ ಬಂದಿದ್ದಳು. ಓಣಿಯವರೆಲ್ಲ ಹಾಗೆಯೇ ತಿಳಿದಿದ್ದರು. ನಿಜವಾಗಿ ಅವಳು ಒಂದು ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಕೊನೆಯ ಸ್ಯಾಂಪಲ್ ಪರೀಕ್ಷೆಗೆಂದು ಬೇರೆ ಊರಿನ ದೊಡ್ಡ ಯಂತ್ರದಲ್ಲಿತ್ತು. ಇದೂ ಆಗದಿದ್ದರೆ ಆ ಕೆಲಸ ಅಲ್ಲಿಗೇ ಬಿಡಬೇಕು ಎಂದು ಗೈಡ್ ಹೇಳಿಬಿಟ್ಟಿದ್ದರು.

"ನಮ್ಮ ಮಿಲ್ಲಿನ ಅಯಸ್ಕಾಂತ ರದ್ದಿಯೊಳಗಿನ ಪಿನ್ನು ಹಿಡಿತೈತಿ. ನಿಂದು ಏನ್ ಹಿಡಿತೈತವಾ?" ಮನೆಯವರು ಚಪ್ಪಲಿ ಮೆಟ್ಟುತ್ತ ಕೆಣಕಿದರು.

"ನಂದು ಒಂದೊಂದ ಅಣೂನ ಒಂದೊಂದ ಅಯಸ್ಕಾಂತ ಅಪ್ಪಾ. ಏನೂ ಹಿಡಿಯೂದಿಲ್ಲ. ಅದನ್ನ ಹಿಡದ ನಿಂದರಸೂದ ನನ್ನ ಕೆಲಸ."

ಬಿಟ್ಟರೆ ಆ ಅಣುಗಳು ಗಳಿಗೆಗೊಂದು ದಿಕ್ಕಿಗೆ ಹೊರಳುತ್ತವಂತೆ. ಒಂದು ತೆಳು ಪದರದ ಮೇಲೆ ಕೂರಿಸಿ ಅವನ್ನು ಒಂದೇ ದಿಕ್ಕಿಗೆ ನಿಲ್ಲಿಸಬೇಕು. ಆ ಪದರದೊಳಗೆ ಕಣಗಳು ಸಾಲಿನ ಮೇಲೆ ಸಾಲಾಗಿರುತ್ತವೆ, ಒಂದು ಸಾಲಿನ ಮುಖ ಮೇಲೆ, ಅದರಡಿಯ ಸಾಲಿನದು ಕೆಳಗೆ. ಹೊರಗಿನಿಂದ ನೋಡಿದರೆ ಅದರಲ್ಲಿ ಸೆಳೆತವೇ ಇಲ್ಲ, ಆದರೆ ತನಗೆ ತಾಗಿ ಕೂತ ಅಣುವನ್ನು ತೀರ ಮೇಲಿನ ಸಾಲು ತನ್ನ ದಿಕ್ಕಿಗೆ ಎಳೆದು ಹಿಡಿಯುತ್ತದಂತೆ. ಹರಟೆ ಹೊಡೆಯದಿರಲೆಂದು ನಾನು ಕಲಿತ ಕಾನ್ವೆಂಟಿನ ಸಿಸ್ಟರ್ ನಮ್ಮನ್ನೂ ಒಬ್ಬಳ ಮುಖ ಆ ಕಡೆ, ಒಬ್ಬಳದು ಈ ಕಡೆ ಮಾಡಿಸಿ ಕೂರಿಸುತ್ತಿದ್ದರು. ಅದನ್ನು ಹೇಳಿದಾಗ ಮಗಳು ನಕ್ಕಿದ್ದಳು.

ಮಧ್ಯಾಹ್ನ ಉಂಡಿಗೆ ಎಳ್ಳು ಹುರಿಯುತ್ತಿದ್ದಾಗ ಅವಳ ಮೊಬೈಲು ಸದ್ದು ಮಾಡಿತು. ಓದಿ, ಬೋರಲು ಹಾಕಿದಳು.

"ಅಣು ನಿಂತಿಲ್ಲೇನ?"

"ನಿಂತಿರಬಹುದವ್ವಾ, ಅರ್ಧ ಮ್ಯಾಲ, ಅರ್ಧ ಕೆಳಗ. ಪದರ ಸಪಾಟ ಇರಂಗಿಲ್ಲ, ಮೆಟ್ಟಲಾ ಮೆಟ್ಟಲಾ ಇರ್ತೈತಿ. ಒಂದ ಮೆಟ್ಟಲಾ ಮ್ಯಾಲ ಎಳದರ ಮುಂದಿಂದು ಕೆಳಗ ಎಳಿತೈತಿ. ಕೂಡಿಸಿದ್ರ ಸೊನ್ನಿ."

"ಸಪಾಟ ಮಾಡಾಕ ಬರೂದಿಲ್ಲ?"

"ಇಷ್ಟ ವರ್ಷ ಮತ್ತೇನ ಮಾಡೇನಿ ನಾನು?"

ಹುರಿದ ಎಳ್ಳನ್ನು ಪಾಕಕ್ಕೆ ಸುರಿದು ಕಲಸಿದೆ. ಅವಳು ಉಂಡಿ ಕಟ್ಟಲು ಕೂತಳು. ಬೆಲ್ಲದ ಪಾಕ ಇನ್ನೂ ಬಿಸಿಯಿತ್ತು. ಅಂಗೈ ಕೆಂಪಾದರೂ ನೀರು ಹಚ್ಚಿಕೊಳ್ಳದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಒಂದೊಂದನ್ನೇ ಹಿಚುಕಿ ತಾಟಿನಲ್ಲಿ ಇಡುತ್ತಿದ್ದಳು. ಅವಳ ಅಪ್ಪ ಶಿಫ್ಟು ಮುಗಿಸಿ ಬಂದು ಅವಳ ಮುಖ ನೋಡಿದರು. ಕೈಕಾಲು ತೊಳೆಯಲು ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಂಜೆ ಪಕ್ಕದ ಮನೆಯ ಅಕ್ಕಾವರು ಹೆಪ್ಪಿಗೆ ಮೊಸರು ಕೇಳಲು ಬಂದರು. ಮಗಳನ್ನು ನೋಡಿ, ಬಟ್ಟಲು ನನ್ನ ಮುಂದೆ ಹಿಡಿಯುತ್ತ ಅಂದರು:

"ಹೋದ ವರ್ಷ ಲ್ಯಾಬ್ ಅಂತ ಹಬ್ಬ ಮುಗಿಯೂ ಮೊದಲ ಓಡಿದ್ಲರಿ. ಈ ಸಲ ಅವಸರ ಏನೂ ಕಾಣೂದಿಲ್ಲ. ಛಲೋ ಆತ ಬಿಡ್ರಿ, ಇರಲಿ."